ಪುಣೆ ಸುತ್ತ ಗುಡ್ಡದಲ್ಲಿ ಓಡಬೇಕು, ಎಲ್ಲಿಂದ ಶುರು ಮಾಡಲಿ?

ಕೋಥ್ರೂಡ್_ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯವನು, ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ರಸ್ತೆ ಮೇಲೆ ಓಡುವ ಅಭ್ಯಾಸ ಇದೆ, ಹಾಫ್ ಮ್ಯಾರಥಾನ್ (21 ಕಿಮೀ) ಎರಡು ಗಂಟೆ ಆಸುಪಾಸಿನಲ್ಲಿ ಮುಗಿಸುತ್ತೇನೆ. ಆದರೆ ಪೌಡ್ ರಸ್ತೆಯ ಹೊಗೆ, ಹಾರ್ನ್, ಬೆಳಗಿನ ಜಾವಕ್ಕೇ ಮೈಮೇಲೆ ಬರುವ ಹಾಲಿನ ಟೆಂಪೊ ಎಲ್ಲ ಸಾಕಾಗಿದೆ. ಕಣ್ಣೆದುರಿಗೇ ಇಷ್ಟು ಗುಡ್ಡ ಇಟ್ಟುಕೊಂಡು ಡಾಂಬರಿನ ಮೇಲೆ ಯಾಕೆ ಓಡಬೇಕು?

ನನ್ನ ಪ್ರಶ್ನೆ ಇಷ್ಟು. ಎಲ್ಲಿಂದ ಶುರು ಮಾಡಲಿ? ನೇರ ಸಿಂಹಗಡ ಕೋಟೆಗೇ ಹೋಗಬಹುದಾ? ಬೇರೆ ಶೂ ಬೇಕೇ ಬೇಕಾ, ಇಲ್ಲಾ ಅದು ಅಂಗಡಿಯವರ ಮಾತಾ? ಮಳೆಗಾಲ ಹತ್ತಿರ ಬಂತು. ಆಫೀಸಿನ ಮರಾಠಿ ಗೆಳೆಯರು ಸಹ್ಯಾದ್ರಿ ನೋಡೋದಾದರೆ ಮಳೆಯಲ್ಲೇ ನೋಡಬೇಕು ಅಂತಾರೆ, ನನಗೆ ಅದೇ ಭಯ. ಡಿಸೆಂಬರ್‌ನಲ್ಲಿ ನಡೆಯುವ ಸಿಂಹಗಡ-ರಾಜಗಡ-ತೋರಣಾ ಅಲ್ಟ್ರಾ ಅನ್ನೋ ಕೋಟೆ-ಗುಡ್ಡದ ಓಟದ 25 ಕಿಮೀ ಮೇಲೆ ಕಣ್ಣಿದೆ. 21 ಓಡಿದವನಿಗೆ 25 ಏನು ದೊಡ್ಡದಲ್ಲ, ಅಲ್ವಾ?

ಬಾಣೇರ್_ಮಾವ:

ನಿಮ್ಮ ಕೊನೇ ಸಾಲಿನಿಂದಲೇ ಶುರು ಮಾಡುತ್ತೇನೆ. ರಸ್ತೆಯಿಂದ ಬಂದವರೆಲ್ಲ ಎಡವೋದು ಅಲ್ಲೇ. ಗುಡ್ಡದಲ್ಲಿ ಕಿಮೀ ಲೆಕ್ಕ ನಡೆಯಲ್ಲ. ಏರು ಎಷ್ಟು, ಇಳಿಜಾರು ಎಷ್ಟು, ಅದನ್ನು ಕೇಳಬೇಕು. ಟ್ರೇಲ್ ಓಟದ, ಅಂದರೆ ಗುಡ್ಡ-ಕಾಡಿನ ಕಾಲುದಾರಿ ಓಟದ, ಅಂತರರಾಷ್ಟ್ರೀಯ ಸಂಸ್ಥೆ ಐಟ್ರಾ ಇದೆಯಲ್ಲ, ಅವರು ಒಂದು ಓಟ ಎಷ್ಟು ಕಷ್ಟ ಅಂತ ಅಳೆಯುವಾಗ ಪ್ರತಿ 100 ಮೀಟರ್ ಏರಿಗೆ ಒಂದು ಕಿಮೀ ಹೆಚ್ಚಿಗೆ ಸೇರಿಸುತ್ತಾರೆ. ಸಿಂಹಗಡವನ್ನೇ ತಗೊಳ್ಳಿ. ಅಟಕರವಾಡಿಯಿಂದ ಹತ್ತುವ ಕಾಲುದಾರಿ ಮೂರು ಕಿಮೀ ಕೂಡ ಇಲ್ಲ, ಆದರೆ ಅಷ್ಟರಲ್ಲಿ ಹತ್ತಿರ ಹತ್ತಿರ 600 ಮೀಟರ್ ಮೇಲೆ ಹೋಗಿರುತ್ತೀರಿ. ಲೆಕ್ಕ ಹಾಕಿದರೆ ಅದು ಒಂಬತ್ತು ಕಿಮೀ ಹತ್ತಿರ ಆಯಿತು. ಹಾಗಾದರೆ ಸಿಂಹಗಡ, ರಾಜಗಡದ ಬುಡದಲ್ಲಿ ನಡೆಯುವ 25 ಕಿಮೀ ನಿಮ್ಮ 21ರ ಪಕ್ಕದಲ್ಲಿ ಕೂರುವ ಅಂಕಿಯೇ ಅಲ್ಲ. ಮೊದಲ ಸಲ ರಸ್ತೆಯ ಸಮಯದ ಎರಡರಷ್ಟು ಹಿಡಿದರೂ ಬೇಜಾರು ಮಾಡಿಕೊಳ್ಳಬೇಡಿ.

ಕಡಿದಾದ ಕಡೆ ನಡೆಯಿರಿ. ನಾಚಿಕೆ ಏನಿಲ್ಲ, ದೊಡ್ಡ ದೊಡ್ಡ ಓಟಗಾರರೂ ತೊಡೆ ಮೇಲೆ ಕೈ ಒತ್ತಿ ನಡೆದೇ ಹತ್ತುತ್ತಾರೆ. ವಾಚಿನಲ್ಲಿ ವೇಗ ನೋಡೋದು ಬಿಟ್ಟುಬಿಡಿ. ಪಕ್ಕದವರ ಜೊತೆ ಒಂದು ವಾಕ್ಯ ಪೂರ್ತಿ ಮಾತಾಡಲು ಉಸಿರಿದೆಯಾ, ಅಷ್ಟು ಸಾಕು.

ಕಲಿಯಬೇಕಾದ ಕೆಲಸ ಅಂದರೆ ಇಳಿಯೋದು. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಮೈಭಾರಕ್ಕೆ ಬ್ರೇಕ್ ಹಾಕುತ್ತಲೇ ಹಿಗ್ಗುತ್ತಿರುತ್ತದೆ. ಸಪಾಟು ರಸ್ತೆಯಲ್ಲಿ ಅದಕ್ಕೆ ಇಷ್ಟು ಹೊಡೆತ ಬಿದ್ದೇ ಇರಲ್ಲ. ಅದಕ್ಕೇ ಹೋಗಿ ಬಂದ ದಿನ ಏನೂ ಅನಿಸಲ್ಲ, ಒಂದೆರಡು ದಿನ ಬಿಟ್ಟು ಆಫೀಸಿನ ಮೆಟ್ಟಿಲು ಇಳಿಯಲು ಕಂಬಿ ಹಿಡಿಯಬೇಕಾಗುತ್ತದೆ. ಆದರೆ ಒಂದು ಸಲ ಹಾಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಹೊಡೆತವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ದೊಡ್ಡ ಕೋಟೆ ಹತ್ತುವುದಕ್ಕಿಂತ ಸಣ್ಣ ಇಳಿಜಾರಿನಲ್ಲಿ ಆಗಾಗ ಇಳಿಯೋದು ಮೇಲು. ಹೆಜ್ಜೆ ಚಿಕ್ಕದು, ಬೇಗ ಬೇಗ. ಭಯಪಟ್ಟು ಹಿಂದಕ್ಕೆ ವಾಲಿ ಹಿಮ್ಮಡಿ ಊರಿದಿರೋ, ಕೂತೇ ಬಿಡುತ್ತೀರಿ. ಕಣ್ಣು ಪಾದದ ಮೇಲಲ್ಲ, ಮೂರು ನಾಲ್ಕು ಮೀಟರ್ ಮುಂದೆ ಇರಬೇಕು.

ಎಲ್ಲಿ ಅಂತ ಕೇಳಿದಿರಿ. ನೀವಿರೋದೇ ವೇತಾಳ ಟೇಕಡಿಯ ಬುಡದಲ್ಲಿ. ಪುಣೆ ಊರೊಳಗಿನ ಅತಿ ಎತ್ತರದ ಗುಡ್ಡ ಅದು, ಸಮುದ್ರಮಟ್ಟದಿಂದ ಸುಮಾರು 800 ಮೀಟರ್. ಊರೇ 560 ಮೀಟರ್ ಮೇಲಿರುವುದರಿಂದ ನಿಮಗೆ ಸಿಗುವ ಏರು ಇನ್ನೂರು ಚಿಲ್ಲರೆ. ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೇದು ಬೇಡ. ಕೋಥ್ರೂಡ್ ಕಡೆಯಿಂದ ಹತ್ತಿ, ಹಳೇ ಕಲ್ಲುಗಣಿ ಸುತ್ತಿ, ಎಆರ್‌ಎಐ (ವಾಹನ ಸಂಶೋಧನಾ ಸಂಸ್ಥೆ) ಕಡೆ ಇಳಿದು ಮತ್ತೆ ಹತ್ತಿ ಬನ್ನಿ. ನವಿಲು ಕೂಗುತ್ತಿರುತ್ತದೆ, ಕೆಳಗೆ ಟ್ರಾಫಿಕ್ ಸದ್ದೂ ಕೇಳುತ್ತಿರುತ್ತದೆ. ಈ ಗುಡ್ಡದ ಮೇಲೂ ರಸ್ತೆ, ಸುರಂಗದ ಯೋಜನೆ ಹಾಕಿಕೊಂಡಿದ್ದಾರೆ, ಊರಿನ ಜನ ವಿರೋಧ ಮಾಡುತ್ತಲೇ ಇದ್ದಾರೆ. ಆ ಜಗಳ ಇಲ್ಲಿ ಬೇಡ, ಶುರುವಾದರೆ ನಿಲ್ಲಲ್ಲ.

ಟೇಕಡಿ ಮೇಲೆ ಒಂದೂವರೆ ಗಂಟೆ ಸಲೀಸಾಗಿ ಸುತ್ತಲು ಬಂದ ಮೇಲೆ ಸಿಂಹಗಡ. ಭಾನುವಾರ ಮಾತ್ರ ಬೇಡ, ಜಾತ್ರೆ ಇರುತ್ತದೆ, ಇಳಿಯುವಾಗ ಮಕ್ಕಳು ಮುದುಕರ ನಡುವೆ ಓಡಲು ಜಾಗವೂ ಇಲ್ಲ, ಓಡಬಾರದು ಕೂಡ. ಮೇಲೆ ಪಿಠಲ-ಭಾಕರಿ ತಿನ್ನದೆ ಇಳಿಯಬೇಡಿ. ಹುಬ್ಬಳ್ಳಿಯವರಿಗೆ ಅದು ಮನೆಯ ಝುಣಕ-ರೊಟ್ಟಿ ಇದ್ದ ಹಾಗೆ. ಮಡಕೆ ಮೊಸರು ಮಾತ್ರ ಇಳಿದ ಮೇಲೆ ತಿನ್ನಿ, ಅದನ್ನು ಹೊಟ್ಟೇಲಿಟ್ಟುಕೊಂಡು ಆ ಇಳಿಜಾರು ಬೇಡ.

ಅದೂ ಆದಮೇಲೆ ಕಾತ್ರಜ್‌ನಿಂದ ಸಿಂಹಗಡ. ಹಳೇ ಸುರಂಗದ ಹತ್ತಿರ ಹತ್ತಿದರೆ ಹದಿಮೂರು ಗುಡ್ಡ ಸಾಲಾಗಿ ನಿಂತಿವೆ, ಹತ್ತು, ಇಳಿ, ಮತ್ತೆ ಹತ್ತು. ನೀರು ಎಲ್ಲೂ ಇಲ್ಲ. ಡಿಸೆಂಬರ್‌ಗೆ ಇದಕ್ಕಿಂತ ಒಳ್ಳೇ ತಾಲೀಮು ನನಗೆ ಗೊತ್ತಿಲ್ಲ.

ಸೌಮ್ಯ_ಔಂಧ್:

ಮಾವ ಹೇಳಿದ್ದೆಲ್ಲ ಸರಿ. ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ. ಟೇಕಡಿಗಳ ಮೇಲೆ ಒಬ್ಬರೇ ಇದ್ದವರನ್ನು ಬೆದರಿಸಿ ಫೋನು, ಚಿನ್ನ ಕಿತ್ತುಕೊಂಡ ಸುದ್ದಿ ಪುಣೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಗಂಡಸರು ಇದನ್ನು ಹೆಂಗಸರ ಸಮಸ್ಯೆ ಅಂದುಕೊಳ್ಳುತ್ತಾರೆ, ದೋಚುವವರು ಹಾಗೆ ಅಂದುಕೊಂಡಿಲ್ಲ. ಬೆಳಕು ಹರಿದ ಮೇಲೆ ಹೋಗಿ, ವಾಕಿಂಗ್‌ನವರು ಇರುವ ಹೊತ್ತಿನಲ್ಲಿ ಹೋಗಿ, ಕಿವಿಗೆ ಇಯರ್‌ಫೋನ್ ಹಾಕಬೇಡಿ. ಇಯರ್‌ಫೋನ್ ಹಾಕಿದರೆ ಹಿಂದೆ ಬರುವ ಮನುಷ್ಯನೂ ಕೇಳಲ್ಲ, ನಾಯಿಯೂ ಕೇಳಲ್ಲ.

ನಾಯಿ ಅಂದೆನಲ್ಲ, ಊರು ಬಿಟ್ಟು ಮೇಲೆ ಹೋದರೆ ಚಿರತೆಗಿಂತ ಕುರಿ ಮೇಯಿಸುವ ಧನಗರರ ನಾಯಿಗಳೇ ಜಾಸ್ತಿ ಎದುರಾಗೋದು. ಅವು ಕುರಿ ಕಾಯಲೆಂದೇ ಇರೋದು, ಓಡುತ್ತಾ ಬರುವ ಯಾರನ್ನೂ ನಂಬಲ್ಲ. ಮಂದೆ ಕಂಡ ಕೂಡಲೇ ಓಟ ನಿಲ್ಲಿಸಿ. ನಡೆದುಕೊಂಡು ಹೋಗಿ, ಮಂದೆ ಮಧ್ಯೆ ನುಗ್ಗದೆ ಸುತ್ತು ಹಾಕಿ, ಕುರಿ ಕಾಯುವವರನ್ನು ದೂರದಿಂದಲೇ ಕೂಗಿ ಮಾತಾಡಿಸಿ. ಅವರು ಒಂದು ಮಾತು ಗದರಿದರೆ ನಾಯಿ ಸುಮ್ಮನಾಗುತ್ತದೆ. ತೀರಾ ಮೇಲೆ ಬಂದರೆ ಕಲ್ಲು ಎತ್ತಿಕೊಳ್ಳುವ ಹಾಗೆ ಬಗ್ಗಿ, ಬಹುತೇಕ ಸಲ ಅಷ್ಟೇ ಸಾಕು. ಬೆನ್ನು ತೋರಿಸಿ ಓಡಬೇಡಿ.

ದಾರಿ ಗೊತ್ತಿಲ್ಲದ ಕಡೆ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ. ಕಣಿವೆ ಮಡಿಕೆಯಲ್ಲಿ ಇಳಿದ ಕೂಡಲೇ ನೆಟ್‌ವರ್ಕ್ ಹೋಗುತ್ತದೆ.

ಡೊಂಬಿವಲಿ_ಲೋಕಲ್:

ಪುಣೆಯವರು ಅದೃಷ್ಟವಂತರು ಬಿಡಿ, ಬಾಗಿಲು ತೆಗೆದರೆ ಗುಡ್ಡ. ನಮ್ಮ ಮುಂಬಯಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಎರಡು ಮಾತು.

ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ನೂರು ಚದರ ಕಿಮೀಗಿಂತ ದೊಡ್ಡ ಕಾಡು, ಸುತ್ತಲೂ ಊರು. ಗೇಟಿನಿಂದ ಕಾನ್ಹೇರಿ ಗುಹೆಗಳವರೆಗಿನ ರಸ್ತೆ ಆರು ಕಿಮೀ ಮೇಲಿದೆ, ಡಾಂಬರೇ, ಆದರೆ ಎರಡೂ ಕಡೆ ಮರ, ಕೊನೇ ಭಾಗದಲ್ಲಿ ಚೆನ್ನಾಗಿ ಏರುತ್ತದೆ. ಸೋಮವಾರ ರಜೆ. ಡಾಂಬರು ಬಿಟ್ಟು ಒಳಗಿನ ಕಾಲುದಾರಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ನುಗ್ಗಬೇಡಿ. ಅಲ್ಲಿ ಚಿರತೆ ಇರೋದು ಕಥೆಯಲ್ಲ. ಮುಂಜಾವು, ಮುಸ್ಸಂಜೆ ಅವುಗಳ ಹೊತ್ತು. ಶೂ ಲೇಸು ಕಟ್ಟಲು ಪೊದೆ ಪಕ್ಕ ಕುಕ್ಕರಗಾಲಲ್ಲಿ ಕೂರಬೇಡಿ, ಕೂತ ಮನುಷ್ಯ ಅದರ ಕಣ್ಣಿಗೆ ಸಣ್ಣ ಪ್ರಾಣಿ. ಎದುರು ಬಂದರೆ ನಿಂತುಕೊಳ್ಳಿ, ಮೈ ದೊಡ್ಡದಾಗಿ ಕಾಣುವ ಹಾಗೆ ಕೈ ಎತ್ತಿ, ಮುಖ ಅದರ ಕಡೆಗೇ ಇಟ್ಟು ನಿಧಾನ ಹಿಂದೆ ಸರಿಯಿರಿ.

ನನಗೆ ಅದಕ್ಕಿಂತ ಇಷ್ಟ ಮಾಥೇರಾನ್. ಕರ್ಜತ್ ಲೋಕಲ್ ಹಿಡಿದು ನೇರಳದಲ್ಲಿ ಇಳಿಯೋದು. ಮೇಲೆ ಸ್ವಂತ ಕಾರು ಬೈಕು ಬಿಡಲ್ಲ, ದಸ್ತೂರಿ ನಾಕಾದಲ್ಲೇ ನಿಲ್ಲಿಸಬೇಕು. ಅಲ್ಲಿಂದಾಚೆ ಕೆಂಪು ಮಣ್ಣಿನ ದಾರಿ, ನೆರಳು, ಒಂದು ಪಾಯಿಂಟ್‌ನಿಂದ ಇನ್ನೊಂದು ಪಾಯಿಂಟ್‌ಗೆ ಕಾಲುದಾರಿ. ದಾರಿ ಬಹುಮಟ್ಟಿಗೆ ಸಪಾಟಾಗಿದ್ದು ಮಣ್ಣು ಮೆತ್ತಗಿರುವುದರಿಂದ ರಸ್ತೆಯವರಿಗೆ ಮೊದಲ ಟ್ರೇಲ್ ಆಗಿ ಇದು ಸಿಂಹಗಡಕ್ಕಿಂತ ಒಳ್ಳೇದು ಅಂತ ನನ್ನ ವಾದ. ಕುದುರೆಗೆ ದಾರಿ ಬಿಡಿ, ಕೈಯಲ್ಲಿ ತಿಂಡಿ ಹಿಡಿದುಕೊಂಡು ಓಡಬೇಡಿ, ಕೋತಿಗಳು ನಿಮಗಿಂತ ವೇಗ. ಕಷ್ಟದ್ದೇ ಬೇಕು ಅಂದರೆ ಭಿವಪುರಿ ರೋಡ್ ಸ್ಟೇಷನ್ನಿನಿಂದ ಗಾರ್ಬೆಟ್ ಪಠಾರ (ಗುಡ್ಡದ ಮೇಲಿನ ಬಯಲು) ಹತ್ತಿ ಮಾಥೇರಾನ್ ಸೇರಬಹುದು.

ಕೋಥ್ರೂಡ್_ಹುಬ್ಬಳ್ಳಿ:

ಧನ್ಯವಾದ, ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಆ 100 ಮೀಟರ್‌ಗೆ ಒಂದು ಕಿಮೀ ಲೆಕ್ಕ ನೋಡಿ ಸ್ವಲ್ಪ ತಣ್ಣಗಾದೆ. ಶೂ ಬಗ್ಗೆ, ಮಳೆ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಮಳೆಯಲ್ಲಿ ಓಡೋದಾ ಬೇಡವಾ?

ಹಡಪ್ಸರ್_ಬೆಳಗಾವಿ:

ಮಳೆಯಲ್ಲಿ ಓಡಿ. ಎಲ್ಲಿ ಅನ್ನೋದಷ್ಟೇ ಪ್ರಶ್ನೆ.

ಸಹ್ಯಾದ್ರಿಯ ಕಲ್ಲು ಕಪ್ಪು ಬಸಾಲ್ಟ್. ಬೇಸಿಗೆಯಲ್ಲಿ ಶೂ ಅಂಟಿಕೊಂಡ ಹಾಗೆ ಹಿಡಿಯುತ್ತದೆ. ಜುಲೈ ಹೊತ್ತಿಗೆ ಅದೇ ಕಲ್ಲಿನ ಮೇಲೆ ಪಾಚಿ, ಆಗ ಜಗತ್ತಿನ ಯಾವ ರಬ್ಬರೂ ಹಿಡಿಯಲ್ಲ. ಅದಕ್ಕೇ ಕಲ್ಲಿನ ಮೆಟ್ಟಿಲಿರುವ ಕೋಟೆ, ಹಳ್ಳ ದಾಟುವ ದಾರಿ, ಜಲಪಾತದ ಅಂಚು, ಈ ಮೂರನ್ನೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಟದ ಪಟ್ಟಿಯಿಂದ ತೆಗೆದುಬಿಡಿ. ನಡೆದು ಹೋಗುವುದಾದರೆ ಅದು ಬೇರೆ ಮಾತು. 2024ರ ಜೂನ್ ಕೊನೆಯಲ್ಲಿ ಲೋಣಾವಳದ ಭುಶಿ ಅಣೆಕಟ್ಟಿನ ಹತ್ತಿರದ ಜಲಪಾತದಲ್ಲಿ ಒಂದೇ ಕುಟುಂಬದ ಐದು ಜನ ಕೊಚ್ಚಿಹೋದರು. ನೀರು ಮೇಲೆಲ್ಲೋ ಸುರಿದ ಮಳೆಗೆ ಏರುತ್ತದೆ, ನೀವು ನಿಂತ ಕಡೆ ಬಿಸಿಲಿದ್ದರೂ ಇರಬಹುದು. ಆಮೇಲೆ ಜಿಲ್ಲಾಡಳಿತ ಇಂಥ ಜಾಗಗಳಿಗೆ ನಿರ್ಬಂಧ ಹಾಕಿತು. ಈಗಲೂ ಹೊರಡುವ ಮೊದಲು ಆದೇಶ ಇದೆಯಾ ನೋಡಿಕೊಂಡೇ ಹೋಗಬೇಕು. ತಾಮ್ಹಿಣಿ ಘಾಟ್, ಅಂಧಾರಬನ ಕಾಡಿನ ಕಡೆಯೂ ಅಷ್ಟೇ. ಮಳೆಗಾಲದಲ್ಲಿ ಬೇಕಾದದ್ದು ಮಣ್ಣಿನ ದಾರಿ ಇರುವ ಊರ ಟೇಕಡಿಗಳು. ವೇತಾಳ, ತಳಜಾಯಿ, ಬಾಣೇರ್-ಪಾಷಾಣ. ಪುಣೆಗೆ ಘಟ್ಟದಷ್ಟು ಮಳೆ ಬರಲ್ಲ, ಅದೇ ನಮ್ಮ ಪುಣ್ಯ.

ಮಳೆ ನಿಂತ ಮೇಲೆ ಇನ್ನೊಂದು ತೊಂದರೆ ಇದೆ, ಇದನ್ನು ಜನ ಮರೆಯುತ್ತಾರೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹುಲ್ಲು ಸೊಂಟದ ತನಕ ಬೆಳೆದು ದಾರಿಯನ್ನೇ ಮುಚ್ಚಿರುತ್ತದೆ. ಕೆಳಗೆ ಕಲ್ಲಿದೆಯೋ ಗುಂಡಿಯಿದೆಯೋ ಹಾವಿದೆಯೋ ಕಾಣಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಓಡಲು ಹೇಳಿ ಮಾಡಿಸಿದ ಕಾಲ. ಆಮೇಲೆ ಹುಲ್ಲು ಒಣಗಿ ಪುಡಿಗಲ್ಲು ಉರುಳಲು ಶುರು, ಇಲ್ಲಿನವರು ಘಸಾರಾ ಅನ್ನುತ್ತಾರೆ, ಇಳಿಜಾರಿನಲ್ಲಿ ಅದು ಪಾಚಿಯ ತಮ್ಮ. ಯಾರೋ ಹಚ್ಚಿದ ಬೆಂಕಿ ಗುಡ್ಡ ಪೂರ್ತಿ ಸುಡುವುದೂ ಅದೇ ತಿಂಗಳುಗಳಲ್ಲಿ.

ಶೂ ವಿಷಯಕ್ಕೆ ಬರುತ್ತೇನೆ. ಟೇಕಡಿಗೆ ನಿಮ್ಮ ರಸ್ತೆ ಶೂ ಸಾಕು, ಕೆಸರಾಗುವ ತನಕ. ಆಮೇಲೆ ಅಡಿಯಲ್ಲಿ ನಾಲ್ಕೈದು ಮಿಲಿಮೀಟರ್ ಹಲ್ಲಿರುವ ಟ್ರೇಲ್ ಶೂ ತಗೊಳ್ಳಿ, ಡೆಕಾಥ್ಲಾನ್‌ನಲ್ಲಿ ಸಿಗುವ ಸಾದಾ ಜೋಡಿ ಆದರೂ ನಡೆಯುತ್ತದೆ. ಅರ್ಧ ಸೈಜು ದೊಡ್ಡದು ತಗೊಳ್ಳಿ, ಇಲ್ಲದಿದ್ದರೆ ಇಳಿಯುವಾಗ ಬೆರಳು ಮುಂದೆ ಗುದ್ದಿ ಉಗುರು ಕಪ್ಪಾಗುತ್ತದೆ. ಇಲ್ಲಿನ ಹಳೇ ಟ್ರೆಕ್ಕಿಂಗ್ ಮಂದಿ ಆಕ್ಷನ್ ಕಂಪನಿಯ ಟ್ರೆಕ್ಕಿಂಗ್ ಶೂ ಮೇಲೆ ಪ್ರಾಣ ಇಟ್ಟಿದ್ದಾರೆ. ಹಿಡಿತ ನಿಜವಾಗಿಯೂ ಒಳ್ಳೇದು, ಬೆಲೆಯೂ ಕಡಿಮೆ, ಆದರೆ ಭಾರ ಜಾಸ್ತಿ, ಅದರಲ್ಲಿ ಓಡೋದು ಶಿಕ್ಷೆ.

ಕುಡಿಯೋಕೆ ಬರೀ ನೀರಲ್ಲ, ಒಂದು ಬಾಟಲಿಗೆ ಓಆರ್‌ಎಸ್ ಹಾಕಿ. ಗಂಟೆಗಟ್ಟಲೆ ಬೆವರು ಸುರಿಸಿ ಬರೀ ನೀರನ್ನೇ ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ತಿರುಗುತ್ತದೆ. ತಿನ್ನಲು ದುಬಾರಿ ಜೆಲ್ ಯಾಕೆ, ಲೋಣಾವಳದ ಶೇಂಗಾ ಚಿಕ್ಕಿ ಇದೆಯಲ್ಲ.

ಮಡಗಾಂವ್_ಕಾರವಾರ:

ಗೋವಾದಿಂದ ಒಂದು ಉತ್ತರ ಇರಲಿ, ಯಾಕಂದರೆ ಈ ಪುಣೆಯವರು ಪಠಾರದ ಬಗ್ಗೆ ಒಂದು ಮಾತೂ ಆಡಲಿಲ್ಲ.

ನಮ್ಮ ಕಡೆ ಗುಡ್ಡದ ನೆತ್ತಿ ಚೂಪಾಗಿರಲ್ಲ, ಕೆಂಪು ಚಿರೇಕಲ್ಲಿನ ಬಯಲು, ಮೇಲೆ ಬೆರಳುದ್ದದಷ್ಟು ಮಣ್ಣು. ಕೊಂಕಣದವರು ಇದನ್ನೇ ಸಡಾ ಅನ್ನೋದು. ಸಾತಾರಾದ ಕಾಸ್ ಕೂಡ ಇದೇ ಜಾತಿಯದು, ಅಲ್ಲಿ ಎತ್ತರ 1,200 ಮೀಟರ್. ಏಪ್ರಿಲ್-ಮೇನಲ್ಲಿ ನೋಡಿದರೆ ಕಾದ ಹೆಂಚು. ಆಗಸ್ಟ್ ಆದಮೇಲೆ ಅದೇ ಕಲ್ಲಿನ ಮೇಲೆ ಇಡೀ ಬಯಲು ಹೂವು, ಹುಳ ಹಿಡಿದು ತಿನ್ನುವ ಪುಟ್ಟ ಗಿಡಗಳು ಕೂಡ. ಓಡಲು ಆಸೆ ಆಗುತ್ತದೆ, ಸಪಾಟಾಗಿದೆ, ಗಾಳಿ ಇದೆ, ಎಲ್ಲಾ ಕಡೆ ಕಾಣುತ್ತದೆ. ಆದರೆ ದನದ ಜಾಡು ಬಿಟ್ಟು ಕಾಲಿಡಬೇಡಿ. ಅಷ್ಟು ತೆಳು ಮಣ್ಣಿನ ಮೇಲೆ ಐವತ್ತು ಜೊತೆ ಶೂ ಹೋದರೆ ಮುಂದಿನ ವರ್ಷ ಅಲ್ಲಿ ಏನೂ ಏಳಲ್ಲ. ಕಾಸ್‌ನಲ್ಲಿ ಹೂವಿನ ಕಾಲದಲ್ಲಿ ಮೊದಲೇ ಟಿಕೆಟ್ ಮಾಡಿಸಿ ನಡೆದೇ ನೋಡಬೇಕು, ಓಡುವುದಕ್ಕೆ ಯವತೇಶ್ವರ ಘಾಟಿನ ರಸ್ತೆ ಇದೆ. ಸಾತಾರಾ ಹಿಲ್ ಹಾಫ್ ಮ್ಯಾರಥಾನ್ ನಡೆಯುವುದೂ ಅಲ್ಲೇ.

ಇಂಗ್ಲೆಂಡಿನವರು ಇಂಥ ಬೋಳು ಗುಡ್ಡಗಳ ಮೇಲೆ ಓಡುವುದನ್ನೇ ಒಂದು ಆಟ ಮಾಡಿಕೊಂಡಿದ್ದಾರೆ. 1932ರಲ್ಲಿ ಬಾಬ್ ಗ್ರಹಾಂ ಎಂಬುವರು ಲೇಕ್ ಡಿಸ್ಟ್ರಿಕ್ಟ್‌ನಲ್ಲಿ 42 ಶಿಖರಗಳನ್ನು 24 ಗಂಟೆಯೊಳಗೆ ಸುತ್ತಿ ಬಂದರು, ಇವತ್ತಿಗೂ ಜನ ಅದೇ ಸುತ್ತು ಹಾಕುತ್ತಾರೆ. ಆ ವಿಡಿಯೊ ನೋಡಿ ಇಲ್ಲಿ ಹಾಗೇ ಹಾರಿಕೊಂಡು ಇಳಿಯಲು ಹೋಗಬೇಡಿ ಅಂತ ಹೇಳಲಿಕ್ಕೇ ಇದನ್ನು ಬರೆದೆ. ಅಲ್ಲಿ ಬಹಳ ಕಡೆ ಹುಲ್ಲು, ಒದ್ದೆ ಜವುಗು ಮಣ್ಣು, ಬಿದ್ದರೆ ಕೆಸರು ಮೆತ್ತುತ್ತದೆ. ಇಲ್ಲಿ ಚಿರೇಕಲ್ಲಿನ ಮೇಲೆ ಬಿದ್ದರೆ ಮೊಣಕಾಲು ತುರಿದು ಹೋಗುತ್ತದೆ.

ಕಾಡಿಗೆ ಬಂದರೆ, ಮೊಲ್ಲೆಂ, ನೇತ್ರಾವಳಿ ಎರಡೂ ಅಭಯಾರಣ್ಯ, ಅನುಮತಿ ಇರುವ ದಾರಿಯಲ್ಲೇ ಓಡಬೇಕು. ದೂಧಸಾಗರಕ್ಕೆ ಹಳಿ ಮೇಲೆ ಹೋಗುವ ಯೋಚನೆ ಬಿಡಿ. 2023ರ ಜುಲೈನಲ್ಲಿ ಹಾಗೆ ಹೋದವರಿಗೆ ಬಸ್ಕಿ ಹೊಡೆಸಿದ ವಿಡಿಯೊ ನೀವೂ ನೋಡಿರುತ್ತೀರಿ. ಇನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲದ ವಿಷಯ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಗುರುತಾದದ್ದು ಗೋವಾದ ಸತ್ತರಿ ತಾಲೂಕಿಗೂ, ಪಕ್ಕದ ಸಿಂಧುದುರ್ಗದ ದೋಡಾಮಾರ್ಗಕ್ಕೂ ಬಂದಿದೆ. ಹರಡೋದು ಉಣುಗಿನಿಂದ, ಚಳಿಗಾಲದಿಂದ ಬೇಸಿಗೆ ಮುಗಿಯುವ ತನಕ ಜಾಸ್ತಿ. ಅಂದರೆ ಓಡಲು ಒಳ್ಳೇ ಕಾಲವೇ ಅದರ ಕಾಲ. ಆ ಕಡೆ ಎಲೆ ತರಗಿನ ಮೇಲೆ ಕೂರಬೇಡಿ, ಉದ್ದ ಸಾಕ್ಸ್ ಹಾಕಿ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಮೈ ಪೂರ್ತಿ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕೋಥ್ರೂಡ್_ಹುಬ್ಬಳ್ಳಿ:

ಸರಿ, ಹಾಗಾದರೆ ಮಳೆಗಾಲ ಪೂರ್ತಿ ಟೇಕಡಿ, ನವೆಂಬರ್‌ನಲ್ಲಿ ಸಿಂಹಗಡ, ಈ ಡಿಸೆಂಬರ್‌ಗೆ 25ರ ಬದಲು 11 ಕಿಮೀಗೆ ಹೆಸರು ಕೊಡುತ್ತೇನೆ. ಕಾತ್ರಜ್ ಸಾಲು ಮಾತ್ರ ಬಿಡಲ್ಲ. ಹುಣ್ಣಿಮೆ ರಾತ್ರಿ ಗುಂಪಾಗಿ ಹೋಗುತ್ತಾರಂತೆ, ಅದು ಓಡುವಂಥದ್ದಾ?

ಸೌಮ್ಯ_ಔಂಧ್:

ಇಲ್ಲ. ಅದು ನಡೆಯುವವರ ಗುಂಪು, ಮುಂದೆ ನೂರು ಜನ ಟಾರ್ಚ್ ಹಿಡಿದು ಸಾಲಾಗಿ ಹೋಗುತ್ತಿರುತ್ತಾರೆ, ದಾರಿ ಒಂದೇ. ಹಗಲು ಒಂದು ಸಲ ನಡೆದು ನೋಡಿ, ಎಲ್ಲಿ ಎಡಕ್ಕೆ ತಿರುಗಬೇಕು ಅಂತ ತಿಳಿದ ಮೇಲೆ ಓಡಿ. ಬೆಳಗ್ಗೆ ಬೇಗ ಹೊರಡಿ, ಎರಡು ಲೀಟರಿಗಿಂತ ಕಡಿಮೆ ನೀರು ಬೇಡ.

ಬಾಣೇರ್_ಮಾವ:

11ಕ್ಕೆ ಇಳಿದದ್ದು ಒಳ್ಳೇದಾಯಿತು. ಶನಿವಾರ ನಾವು ನಾಲ್ಕೈದು ಜನ ಟೇಕಡಿಗೆ ಎಆರ್‌ಎಐ ಕಡೆಯಿಂದ ಹತ್ತುತ್ತೇವೆ, ಬೆಳಕಾದ ಮೇಲೆ. ಬರೋದಾದರೆ ಮೆಸೇಜ್ ಮಾಡಿ. ಸೌಮ್ಯಾ, ನೀವೂ ಬನ್ನಿ, ಆ ಗಣಿ ಹತ್ತಿರದ ನಾಯಿಗಳು ನಮ್ಮ ಮಾತು ಕೇಳಲ್ಲ.